ಅಕ್ಕಿಗೆ ನೀರಿಟ್ಟ ವಾರ

ಪ್ರೀತಿಯ ದೊಡ್ಡಮ್ಮ,

ಇವತ್ತು ಬೆಳಗ್ಗೆ ಅಡುಗೆಮನೆಗೆ ಹೋದರೆ ಅಕ್ಕಿ ಡಬ್ಬದ ಮೇಲೆ ಒಂದು ಚೀಟಿ ಅಂಟಿತ್ತು. ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ‘ಹಕ್ಕಿ’ ಎಂದು ಬರೆದಿತ್ತು. ಪಕ್ಕದ ಅವಲಕ್ಕಿ ಡಬ್ಬಕ್ಕೆ ‘ಹವಲಕ್ಕಿ’, ಉಪ್ಪಿನ ಜಾಡಿಗೆ ‘ಹುಪ್ಪು’. ನೀನಿದ್ದಿದ್ದರೆ ಕೆಂಪು ಪೆನ್ನು ಹುಡುಕುತ್ತಿದ್ದೆಯಾ, ಇಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆಯಾ ಎಂದು ಯೋಚಿಸುತ್ತ ನಿಂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿತು. ಅಮ್ಮ ಬೈದಳು. ಅದೆಲ್ಲ ಹಾಗೇ ಇದೆ, ನಿನ್ನ ತಂಗಿ ಬದಲಾಗಿಲ್ಲ.

ಚೀಟಿ ಬರೆದವಳು ಅಕ್ಕನ ಮಗಳು ತನ್ವಿ. ನೀನು ಹೋಗುವಾಗ ತೊಟ್ಟಿಲಲ್ಲಿದ್ದವಳು ಈಗ ಎರಡನೇ ಕ್ಲಾಸು. ಅವಳ ಅಣ್ಣ ಚಿರಂತ್ ಐದನೇ ಕ್ಲಾಸು. ನೀನು ನೋಡದೇ ಇರುವ ಮೂರನೆಯವನು ಗುಂಡ, ಯುಕೆಜಿ. ಅವರ ಸ್ಕೂಲಿನಲ್ಲಿ ಏಳೆಂಟು ಮಕ್ಕಳಿಗೆ ಚಿಕನ್ ಪಾಕ್ಸ್ ಬಂದಿದ್ದರಿಂದ ಒಂದು ವಾರ ಬಾಗಿಲು ಹಾಕಿದರು. ಬಾಗಿಲಿಗೆ ಮಾತ್ರ ರಜೆ, ಪಾಠಕ್ಕಲ್ಲ. ದಿನಾ ಬೆಳಗ್ಗೆ ಏಳಕ್ಕೆ ಮೂರು ಕ್ಲಾಸಿನ ವರ್ಕ್‌ಶೀಟು ಅಕ್ಕನ ಮೊಬೈಲಿಗೆ ಬರುತ್ತಿತ್ತು, ಎಂಟೂವರೆಗೆ ಮೂರು ಮಕ್ಕಳು ಮೂಡಲಪಾಳ್ಯದ ನಮ್ಮ ಮನೆಗೆ ಬರುತ್ತಿದ್ದವು. ‘ನೀನು ಹೆಂಗೂ ಮನೇಲೇ ಇರ್ತೀಯಲ್ಲ, ಎಂ.ಎ. ಬೇರೆ ಮಾಡಿದೀಯ’ ಎಂದಳು ಅಕ್ಕ, ಸ್ಕೂಟರಿನಿಂದ ಇಳಿಯದೆಯೇ. ಹೌದು ದೊಡ್ಡಮ್ಮ, ನೀನು ಹೇಳಿದ ಹಾಗೆ ಕನ್ನಡ ಎಂ.ಎ. ಮುಗಿಸಿದೆ. ಆಮೇಲೆ ಹೆಂಗೂ ಮನೇಲೇ ಇದ್ದೇನೆ.

ಮನೆಯಲ್ಲೇ ಯಾಕಿದ್ದೇನೆ ಎಂಬುದನ್ನು ನಿನಗೊಬ್ಬಳಿಗೆ ಹೇಳಬಹುದು. ಎಂ.ಎ. ಎರಡನೇ ವರ್ಷ ಸೆಮಿನಾರ್ ಇತ್ತು. ಎದ್ದು ನಿಂತು ಮೊದಲ ವಾಕ್ಯ ಓದಿದೆ: ‘ಅಳೆಗನ್ನಡದಲ್ಲಿ ಎಣ್ಣಿನ ದನಿ.’ ಹಿಂದಿನ ಬೆಂಚಿನಿಂದ ಒಬ್ಬ, ‘ಎಷ್ಟ್ ಮೀಟರ್ ಅಳೀಬೇಕು ಮೇಡಂ?’ ಎಂದ. ಇನ್ನೊಬ್ಬ, ‘ಎಣ್ಣೆ ಒಳ್ಳೇದಾ ಮಗಾ?’ ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಹೆದರಿ ಸಿಕ್ಕಿದ್ದಕ್ಕೆಲ್ಲ ಹಕಾರ ಹಚ್ಚತೊಡಗಿದೆ. ಕ್ಯಾಂಟೀನಿನಲ್ಲಿ ‘ಅಣ್ಣಾ, ಒಂದು ಹಾಲೂ ಬೋಂಡ’ ಎಂದರೆ ಅವನು, ‘ಹಾಲಾ, ಬೋಂಡಾನಾ, ಒಂದ್ ಡಿಸೈಡ್ ಮಾಡಿ’ ಎಂದ. ಆಮೇಲೆ ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದೆ. ಈಗ ಚಂದ್ರಾ ಲೇಔಟಿನ ಒಂದು ಸ್ಕೂಲಿನವರು ಸೋಮವಾರ ಡೆಮೊ ಕ್ಲಾಸಿಗೆ ಕರೆದಿದ್ದಾರೆ. ಮೂರನೇ ಕ್ಲಾಸಿಗೆ ಇಪ್ಪತ್ತು ನಿಮಿಷ ಕನ್ನಡ ಪಾಠ ಮಾಡಬೇಕು, ಹಿಂದೆ ಹೆಡ್‌ಮಿಸ್ ಕೂತಿರುತ್ತಾರೆ. ಬರುತ್ತೀರೋ ಇಲ್ಲವೋ ಎಂದು ಶನಿವಾರ ಸಂಜೆಯೊಳಗೆ ತಿಳಿಸಬೇಕು. ‘ಆರೋಗ್ಯ ಸರಿಯಿಲ್ಲ, ಕ್ಷಮಿಸಿ’ ಎಂದು ಹೋದ ಭಾನುವಾರವೇ ಟೈಪ್ ಮಾಡಿಟ್ಟೆ, ಕಳಿಸಿರಲಿಲ್ಲ ಅಷ್ಟೇ. ಬರಲಿರುವ ಕಾಯಿಲೆಯನ್ನು ಒಂದು ವಾರ ಮುಂಚೆಯೇ ತಿಳಿಸುವಷ್ಟು ಶಿಸ್ತು ನನಗೆ ಯಾರಿಂದ ಬಂತೋ...

ಬ್ಯಾಡರಹಳ್ಳಿಯಾಚೆಯ ನಿನ್ನ ಒಂದೇ ಕೋಣೆಯ ಸ್ಕೂಲಿಗೆ ನನ್ನನ್ನು ಒಂದು ದಿನ ಕರೆದುಕೊಂಡು ಹೋಗಿದ್ದೆಯಲ್ಲ, ನೆನಪಿದೆಯಾ? ನಾಲ್ಕು ಮೂಲೆಗೆ ನಾಲ್ಕು ಕ್ಲಾಸು, ನಡುವೆ ನೀನೊಬ್ಬಳೇ ಮೇಡಂ. ‘ಒಂದ್ ಕ್ಲಾಸಿಗೆ ಬಾಯಿ ಕೊಡು, ಒಂದಕ್ಕೆ ಕೈಗೆ ಕೆಲ್ಸ ಕೊಡು, ದೊಡ್ಡೋರಿಗೆ ಚಿಕ್ಕೋರನ್ನ ಒಪ್ಸು’ ಎಂದಿದ್ದೆ. ಸೋಮವಾರ ಅದನ್ನೇ ಮಾಡಿದೆ. ಚಿರಂತನಿಗೆ ತನ್ವಿಯನ್ನು ಒಪ್ಪಿಸಿದೆ. ಹತ್ತು ನಿಮಿಷದಲ್ಲಿ ಅವನು ಅವಳನ್ನು ದಿವಾನದ ಮೇಲೆ ನಿಲ್ಲಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ಹೆಸರು ಬರೆದು, ಮುಂದೆ ‘ಟಾಕಿಂಗ್’ ಎಂದು ಮೂರು ಇಂಟು ಹಾಕಿದ್ದ. ‘ಚಿಕ್ಕಿ, ಈ ಸರ್ ಅವ್ರ್ ವರ್ಕ್‌ಶೀಟೇ ಮಾಡಿಲ್ಲ, ಕೇಳು’ ಎಂದಳು ತನ್ವಿ ಮೇಲಿನಿಂದ. ಹತ್ತು ಸ್ಲೀಪಿಂಗ್ ಲೈನ್ ಹಾಕು ಎಂದು ಗುಂಡನಿಗೆ ಕೊಟ್ಟಿದ್ದೆ, ಈಗಿನವರು ಅಡ್ಡಗೆರೆಗೆ ಹಾಗನ್ನುತ್ತಾರೆ. ಅವನು ಒಂದೇ ಒಂದು ಗೆರೆ ಎಳೆದು, ಸ್ಲೇಟಿನ ಪಕ್ಕ ಮಲಗಿಕೊಂಡಿದ್ದ. ‘ಶ್... ಲೈನ್ ಮಲ್ಗಿದೆ ಚಿಕ್ಕಿ.’ ನಿನ್ನ ನಾಲ್ಕು ಮೂಲೆಯ ಮಕ್ಕಳು ಇಷ್ಟು ಮಾತಾಡುತ್ತಿದ್ದವಾ?

ಬುಧವಾರ ಚಿರಂತನ ಭಿನ್ನರಾಶಿ ಕೈಕೊಟ್ಟಿತು. ವೃತ್ತ ಬರೆದು ತುಂಡು ಮಾಡಿದೆ, ಚಪಾತಿ ಹರಿದು ತೋರಿಸಿದೆ. ಚಪಾತಿಯನ್ನು ಗುಂಡ ತಿಂದ. ಕೊನೆಗೆ ಮೂವರನ್ನೂ ಕರೆದುಕೊಂಡು ದರ್ಶಿನಿಗೆ ಇಡ್ಲಿ ತರಲು ಹೋದರೆ, ಮುಂದಿದ್ದವರು ‘ಒನ್ ಬೈ ಟೂ ಕಾಫಿ’ ಎಂದರು. ಚಿರಂತನ ಕಣ್ಣು ಅಗಲವಾಯಿತು. ‘ಅಂಕಲ್, ಟೂ ಬೈ ತ್ರೀ ಅಂದ್ರೆ ಎರಡು ಕಾಫಿ ಮೂರು ಜನಕ್ಕಾ?’ ಕ್ಯಾಷಿಯರ್ ಹೌದೆಂದರು. ‘ತ್ರೀ ಬೈ ಟೂ?’ ‘ಹಂಗ್ ಕೇಳೋರು ಇನ್ನೂ ಬಂದಿಲ್ಲ ಮರಿ. ಬಂದ್ರೆ ಒಬ್ಬೊಬ್ರಿಗೆ ಒಂದೂವರೆ ಲೋಟ.’ ಇಡೀ ಪಾಠ ಕೌಂಟರಿನಲ್ಲಿ ಮುಗಿಯಿತು. ಎಂ.ಎ. ಮಾಡಿದ ಟೀಚರು ಚಟ್ನಿ ಕವರು ಹಿಡಿದು ತಲೆಯಾಡಿಸುತ್ತ ನಿಂತಿದ್ದಳು.

ಗುರುವಾರ ತನ್ವಿಗೆ ಕನ್ನಡ ಉಕ್ತಲೇಖನ. ನಿನಗೆ ಗೊತ್ತಲ್ಲ ನನ್ನ ದನಿ, ಪಕ್ಕದಲ್ಲಿದ್ದವರಿಗೂ ಕೇಳಬಾರದು ಎಂಬಂತೆ ಮಾತಾಡುತ್ತೇನೆ. ಹಕ್ಕಿ, ಹಾಲು, ಹುಲಿ, ಆನೆ ಎಂದು ಹೇಳಿದೆ, ಅಥವಾ ಹೇಳಿದೆ ಎಂದುಕೊಂಡೆ. ಅವಳು ಬರೆದಿದ್ದು ಅಕ್ಕಿ, ಆಲು, ಉಲಿ, ಹಾನೆ. ನಾಲ್ಕಕ್ಕೆ ಸೊನ್ನೆ ಹಾಕಿದೆ. ‘ನೀನೇ ಹಂಗಂದೆ!’ ಎಂದು ಅತ್ತಳು. ‘ಹೌದು ಚಿಕ್ಕಿ, ನೀನು ಹಾನೆ ಅಂದೆ. ಇನ್ನೊಂದ್ಸಲ ಹೇಳು’ ಎಂದ ಚಿರಂತ್, ಇನ್ಸ್‌ಪೆಕ್ಷನ್ನಿಗೆ ಬಂದವನ ಹಾಗೆ. ನನ್ನ ಕಿವಿ ಬಿಸಿಯಾಯಿತು. ಸೆಮಿನಾರಿನ ದಿನದ ಹಾಗೇ.

ಅಷ್ಟರಲ್ಲಿ ಅಮ್ಮ ಹಿತ್ತಲಿನಿಂದ ಕೂಗಿದಳು: ‘ಗುಂಡಾ, ಅಕ್ಕಿಗ್ ಒಂಚೂರ್ ನೀರಿಟ್ಟು ಬಾರೋ, ಬಿಸ್ಲು ಎಂಗೈತೆ ನೋಡು!’ ಟೆರೇಸಿನಲ್ಲಿ ಹಕ್ಕಿಗಳಿಗೆಂದು ಅಮ್ಮ ಮಣ್ಣಿನ ತಟ್ಟೆ ಇಟ್ಟಿದ್ದಾಳೆ. ಗುಂಡನಿಗೆ ಅದೇನು ಗೊತ್ತು? ಎರಡು ಚೊಂಬು ನೀರು ತಂದು ಅಕ್ಕಿ ಡಬ್ಬಕ್ಕೆ ಸುರಿದು, ಮುಚ್ಚಳ ಹಾಕಿ, ‘ಅಜ್ಜೀ, ಇಟ್ಟೆ! ಪೂರ್ತಿ ಕುಡೀತು!’ ಎಂದ. ಅಮ್ಮ ಓಡಿ ಬಂದು ಡಬ್ಬ ನೋಡಿ ಎದೆ ಹಿಡಿದುಕೊಂಡಳು. ‘ಅಯ್ಯೋ ನಿನ್ ಮನೆ ಕಾಯ್ವೋಗ! ಈ ಅಕ್ಕಿ ಅಲ್ವೋ, ಆ ಅಕ್ಕಿ, ಆರೋ ಅಕ್ಕಿ!’ ಗುಂಡ ಡಬ್ಬದೊಳಗೆ ಇಣುಕಿ, ‘ಇದ್ಯಾವಾಗ್ ಹಾರುತ್ತೆ?’ ಎಂದ. ಅತ್ತವಳೂ ನಕ್ಕಳು, ಇನ್ಸ್‌ಪೆಕ್ಟರೂ ನಕ್ಕ, ಸಿಟ್ಟಾಗಿದ್ದ ಅಮ್ಮ ಕೊನೆಗೆ ನೆಲದ ಮೇಲೆ ಕೂತು ನಕ್ಕಳು. ನಾನೂ, ದೊಡ್ಡಮ್ಮ, ಹೊಟ್ಟೆ ಹಿಡಿದುಕೊಂಡು. ಅದೇ ತಪ್ಪಿಗೆ ಅಂದು ಯಾಕೆ ಅಷ್ಟು...

ನೆನೆದ ಅಕ್ಕಿಯನ್ನು ಅಮ್ಮ ದೋಸೆಗೆ ರುಬ್ಬಿದಳು. ಪಾಠ ಮಾತ್ರ ನನ್ನ ತಲೆಗೆ ಬಂತು. ತನ್ವಿ ಅಷ್ಟರಲ್ಲೇ ‘ನಮ್ಮನೇಲಿ ಅ ಅಂದ್ರೆ ಹ’ ಎಂಬ ನಿಯಮ ಕಂಡುಹಿಡಿದು, ಹಮ್ಮ, ಹಜ್ಜಿ ಎಂದು ಬರೆಯತೊಡಗಿದ್ದಳು. ಆಗ ನಿನ್ನ ಅಂಗೈ ನೆನಪಾಯಿತು. ‘ಬಾಯ್ ಮುಂದೆ ಕೈ ಹಿಡ್ಕೊ. ಬಿಸಿ ಗಾಳಿ ತಾಕಿದ್ರೆ ಹ, ತಾಕದಿದ್ರೆ ಅ’ ಎಂದು ಕಲಿಸಿದ್ದೆಯಲ್ಲ. ಮೂವರನ್ನೂ ಸಾಲಾಗಿ ಕೂರಿಸಿದೆ. ಮೂರು ಕ್ಲಾಸಿಗೆ ಒಂದೇ ಪಾಠ. ಅಕ್ಕಿ! ಹಕ್ಕಿ! ಉಲಿ! ಹುಲಿ! ಗುಂಡನ ಅಂಗೈಗೆ ಗಾಳಿಗಿಂತ ಉಗುಳೇ ಜಾಸ್ತಿ ತಾಕಿತು. ನನಗೇ ಗೊತ್ತಿಲ್ಲದೆ ನಾನು ಕಿರುಚುತ್ತಿದ್ದೆ. ಪಕ್ಕದ ಮನೆ ಆಂಟಿ ಕಾಂಪೌಂಡಿನ ಮೇಲಿಂದ ಇಣುಕಿ, ‘ಏನಮ್ಮಾ, ಯಾರ್ನ ಹ್ಹ ಹ್ಹ ಅಂತ ರೇಗಿಸ್ತಿದೀಯ? ನಿನ್ ದನಿ ನಾನ್ ಇವತ್ತೇ ಕೇಳಿದ್ದು!’ ಎಂದರು.

ನೀನು ಸ್ಕೂಲಿನಲ್ಲಿ ಸ್ಪಷ್ಟವಾಗಿ ‘ಹಕ್ಕಿ’ ಎಂದು, ಮನೆಗೆ ಬಂದರೆ ಹಕಾರವನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡುತ್ತಿದ್ದೆ. ಮೇಡಂ ಆಗಿ ಹಿಂಗ್ಯಾಕಂತೀಯ ಎಂದು ಒಮ್ಮೆ ಕೇಳಿದ್ದಕ್ಕೆ, ‘ನಮ್ಮವ್ವ ಆಕಾಶ ತೋರ್ಸಿ ಅಕ್ಕಿ ಅಂತ್ಲೇ ಕಲ್ಸಿದ್ದು ಕಣೇ. ಅದೂ ಚೆನ್ನಾಗೇ ಆರ್ತಿತ್ತು’ ಎಂದೆ. ಆಗ ನಾನು ನಕ್ಕಿದ್ದೆ. ಅರ್ಥವಾಗಲು ಎರಡು ಚೊಂಬು ನೀರು ಬೇಕಾಯಿತು.

ನಿನ್ನೆ ಸಂಜೆ ತನ್ವಿ ಅಕ್ಕನ ಮುಂದೆ ನಿಂತು, ಅಂಗೈ ಬಾಯಿಗೆ ಅಡ್ಡ ಹಿಡಿದು, ಒಂದೂ ತಪ್ಪಿಲ್ಲದೆ ಹಕ್ಕಿಯ ಪಾಠ ಓದಿದಳು. ಅಕ್ಕನಿಗೆ ಖುಷಿಯೋ ಖುಷಿ. ‘ಅಬ್ಬಾ, ಅಕ್ಕಿ ಆರೋದನ್ನ ಎಷ್ಟ್ ಚೆನ್ನಾಗ್ ಓದಿದ್ಲೇ!’ ಎಂದಳು. ತನ್ವಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಾವಿಬ್ಬರೂ ತಿದ್ದಲಿಲ್ಲ. ಅಡುಗೆಮನೆಯ ಚೀಟಿಗಳು ಗುರುವಾರದ ಹಳೆಯ ನಿಯಮದವು, ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ಇವತ್ತು. ಅವಳೇ ಬಂದು ಕಿತ್ತುಹಾಕುತ್ತಾಳಂತೆ.

ಇವತ್ತು ಮಧ್ಯಾಹ್ನ, ಅಮ್ಮ ಮಲಗಿದ್ದಾಗ, ಆ ‘ಆರೋಗ್ಯ ಸರಿಯಿಲ್ಲ’ದ ಮೆಸೇಜನ್ನು ಅಳಿಸಿ ‘ಸೋಮವಾರ ಬರುತ್ತೇನೆ’ ಎಂದು ಸ್ಕೂಲಿಗೆ ಕಳಿಸಿದೆ. ಯಾವ ಪಾಠ ಎಂದು ಕೇಳಿದರು. ಅಕಾರ, ಹಕಾರ ಎಂದು ಬರೆದೆ. ಇಷ್ಟನ್ನು ಯಾರಿಗೂ ಹೇಳಿಲ್ಲ, ಅಕ್ಕನಿಗೂ. ಮೂರನೇ ಕ್ಲಾಸಿನ ಮಕ್ಕಳ ಮುಂದೆ ನಿಂತು, ಹೆಡ್‌ಮಿಸ್‌ಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲು ನನ್ನ ಕಥೆಯನ್ನೇ ಹೇಳುತ್ತೇನೆ: ‘ನಾನು ಒಂದು ದಿನ ಕಾಲೇಜಿನಲ್ಲಿ ಅಳೆಗನ್ನಡ ಎಂದೆ.’ ಅವು ನಗುತ್ತವೆ. ನಗು ನಿಲ್ಲುವವರೆಗೆ ನಿಂತಲ್ಲೇ ನಿಂತಿರುತ್ತೇನೆ.

ನಿನ್ನ
ಕೂಸು