ಬಾರದ ವಿಮಾನಕ್ಕೆ ಪೂರ್ಣ ಅಂಕ

ಮಾನ್ಯ ತರಬೇತಿ ಮುಖ್ಯಸ್ಥರೇ,

ಬೃಂದಾಳಿಗೆ ಕಳಿಸಿರುವ ಶಿಸ್ತುಕ್ರಮದ ನೋಟಿಸನ್ನು ತಾವು ವಾಪಸು ಪಡೆಯಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಾವು ಯಾವ ಅರ್ಜಿಯನ್ನೂ ಮೊದಲ ಪ್ಯಾರಾ ದಾಟಿ ಓದುವುದಿಲ್ಲವೆಂದು ತಮ್ಮ ಕಚೇರಿಯವರೇ ಹೇಳುತ್ತಾರೆ. ವಿಮಾನ ಸಂಚಾರ ನಿಯಂತ್ರಕಿಯಾಗಲು ಕಲಿತ ಹುಡುಗಿ, ನನಗಿನ್ನೂ ಅಭ್ಯಾಸ ಸಾಲದು, ನಿಜವಾದ ಪರದೆಯ ಮುಂದೆ ಈಗಲೇ ಕೂರಿಸಬೇಡಿ ಎಂದು ಬೇಡಿಕೊಂಡದ್ದು ಎಂದಿನಿಂದ ಅಪರಾಧವಾಯಿತು? ಪೂರ್ಣ ಅಂಕ ಪಡೆದವಳು ಹೀಗೆ ಹೇಳಿದರೆ ಸಂಸ್ಥೆಯ ಘನತೆಗೆ ಕುಂದು ಎಂದು ಬರೆದಿದ್ದೀರಿ. ಆ ಪೂರ್ಣ ಅಂಕ ಬಂದ ಬಗೆಯನ್ನು ತಿಳಿಸುವುದಕ್ಕೇ ಈ ಪತ್ರ.

ನನ್ನ ಮುಖ ತಮಗೆ ನೆನಪಿರಲಾರದು. ತಮ್ಮ ಚೆನ್ನೈ ಕೇಂದ್ರದ ಸಿಮ್ಯುಲೇಟರಿನಲ್ಲಿ ಪೈಲಟ್ ಆಗಿ ಮಾತಾಡುವವಳು ನಾನು. ಒಂದು ಕೋಣೆಯಲ್ಲಿ ಕಲಿಯುವವರು ಪರದೆ ನೋಡಿ ಆದೇಶ ಕೊಡುತ್ತಾರೆ. ಪಕ್ಕದ ಕೋಣೆಯಲ್ಲಿ ನಾನೊಬ್ಬಳೇ ಹತ್ತಾರು ವಿಮಾನಗಳ ಪೈಲಟ್ ಆಗಿ ಉತ್ತರ ಕೊಡುತ್ತಾ, ಗುಂಡಿ ಒತ್ತಿ ಅವರ ಪರದೆಯಲ್ಲಿ ವಿಮಾನಗಳಾಗಿ ಕಾಣುವ ಚುಕ್ಕೆಗಳನ್ನು ತಿರುಗಿಸುತ್ತೇನೆ, ಇಳಿಸುತ್ತೇನೆ. ವೇಲಚೇರಿಯ ನಮ್ಮ ಮನೆಯವರ ಹೋಟೆಲಿನಲ್ಲಿ ಇಂದಿಗೂ ಸಂಜೆ ಹೊತ್ತು ಒಳಗೆ ಆರ್ಡರ್ ಕೂಗಿ ಪಳಗಿದ ಗಂಟಲು ನನ್ನದು. ಆ ಹೋಟೆಲಿಗೆ ತಾವೂ ಬರುತ್ತೀರಿ, ಚಟ್ನಿ ಬೇರೆ ಕೊಡಿ ಎಂದು ಮೈಸೂರು ಕಡೆಯ ಕನ್ನಡದಲ್ಲಿ ಕೇಳುತ್ತೀರಿ. ನಾನು ಮೊದಲು ಕಳಿಸಿದ ಇಂಗ್ಲಿಷಿನ ಅರ್ಜಿಗೆ ಉತ್ತರವೇ ಬರಲಿಲ್ಲವಾದ್ದರಿಂದ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಯಾರ ಜೀವಕ್ಕೂ ಅಪಾಯವಾಗದಂತೆ ತಪ್ಪು ಮಾಡಿ ಕಲಿಯಲು ಇರುವ ಜಾಗ ಅದು. ಅದರಲ್ಲಿ ಬಿರುಗಾಳಿ ಎಬ್ಬಿಸಬಹುದು, ರನ್‌ವೇ ಮುಚ್ಚಬಹುದು, ಇಂಧನ ಮುಗಿಯುತ್ತಿರುವ ವಿಮಾನವನ್ನು ನಡುವೆ ನುಗ್ಗಿಸಬಹುದು. ನಿವೃತ್ತ ನಿಯಂತ್ರಕರಾದ ನಮ್ಮ ಶಿಕ್ಷಕ ತಿರುಮಲೇಶ ಅವರು ಅಂಥದ್ದೊಂದು ಬಿರುಗಾಳಿಯ ಅಭ್ಯಾಸ ಸಿದ್ಧಪಡಿಸಿದ್ದರು. ಅರ್ಧ ತರಗತಿ ತಡವರಿಸಿತು. ತಡವರಿಸಲಿ ಎಂದೇ ಅಲ್ಲವೇ ಅದನ್ನು ಮಾಡಿದ್ದು? ತಾವು ಮಾತ್ರ ಅಭ್ಯರ್ಥಿಗಳ ಆತ್ಮವಿಶ್ವಾಸಕ್ಕೆ ಧಕ್ಕೆಯೆಂದು ಅದನ್ನು ತೆಗೆಸಿಹಾಕಿದಿರಿ. ಅಂದಿನಿಂದ ಅವೇ ನಾಲ್ಕೈದು ಅಭ್ಯಾಸಗಳು. ಹಳೆಯ ಬ್ಯಾಚಿನವರು ಹೊಸಬರಿಗೆ ಹೇಳಿಕೊಟ್ಟು ಎಲ್ಲರಿಗೂ ಬಾಯಿಪಾಠ. ಮಳೆಗಾಲದಲ್ಲಿ ನಮ್ಮ ಹೋಟೆಲಿನೊಳಗೆ ಮೊಣಕಾಲುದ್ದ ನೀರು ನಿಂತಾಗಲೂ ತಮ್ಮ ಸಿಮ್ಯುಲೇಟರಿನ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಫಲಿತಾಂಶ ಮಾತ್ರ ನೂರಕ್ಕೆ ನೂರು, ಅದಕ್ಕೆ ಸಿಕ್ಕ ಫಲಕ ತಮ್ಮ ಮೇಜಿನ ಮೇಲಿದೆ.

ಬೃಂದಾಳ ಪರೀಕ್ಷೆಯ ದಿನ ಏನಾಯಿತು ಕೇಳಿ. ಪರೀಕ್ಷೆಗೆ ಕೊಟ್ಟ ಅಭ್ಯಾಸದ ಪ್ರಕಾರ ಮೂರನೆಯ ವಿಮಾನ ಸಮುದ್ರದ ಕಡೆಯಿಂದ ಬರಬೇಕು. ಅಂದು ನನ್ನ ಕಂಪ್ಯೂಟರ್ ಕೈಕೊಟ್ಟಿತು, ವಿಮಾನ ಪರದೆಗೆ ಬರಲೇ ಇಲ್ಲ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಬೃಂದಾ ಆ ವಿಮಾನವನ್ನು ಹೆಸರು ಹಿಡಿದು ಕರೆದು, ಎಡಕ್ಕೆ ತಿರುಗು, ಕೆಳಗಿಳಿ ಎಂದು ತಣ್ಣಗೆ ಆದೇಶ ಕೊಟ್ಟಳು. ನಾನು ಪರದೆಯನ್ನು ಮತ್ತೆ ನೋಡಿದೆ, ಅಲ್ಲಿ ಆ ಚುಕ್ಕೆಯೇ ಇಲ್ಲ. ಪರೀಕ್ಷಕರು ಪರದೆ ಬಿಟ್ಟು ಉತ್ತರದ ಹಾಳೆಗೆ ತಾಳೆ ನೋಡಿದರು, ಆದೇಶ ಸರಿ, ಹೊತ್ತೂ ಸರಿ. ಕೊಟ್ಟರು ಪೂರ್ಣ ಅಂಕ.

ಆಮೇಲೆ ಕ್ಯಾಂಟೀನಿನಲ್ಲಿ ಅವಳು ನನ್ನೆದುರು ಬಂದು ಕೂತಳು. ಕಾಫಿ ಮುಟ್ಟಲಿಲ್ಲ.

"ಅಕ್ಕಾ, ಆ ಮೂರನೇ ಪ್ಲೇನ್ ಬರಲೇ ಇಲ್ಲ ಅಲ್ವಾ?"

"ಇಲ್ಲ ಮಾರಾಯ್ತಿ."

"ಅಪ್ಪೊ, ಹಾಗಾದ್ರೆ ನಾನು ಯಾರಿಗೆ ಹೇಳ್ದೆ?"

ನಾನು ಕಾಫಿ ಲೋಟವನ್ನು ಅವಳತ್ತ ಸರಿಸಿದೆ.

"ಕಣ್ಣು ಸ್ಕ್ರೀನ್ ಮೇಲೇ ಇತ್ತು ಅಕ್ಕಾ, ಸತ್ಯಮಾ. ಆದ್ರೆ ನಾನು ನೋಡ್ತಾ ಇರ್ಲಿಲ್ಲ. ಇಲ್ಲದ ಪ್ಲೇನ್ ಇದೆ ಅಂದ್ಕೊಂಡೋಳು, ನಾಳೆ ಇರೋ ಪ್ಲೇನನ್ನ ಇಲ್ಲ ಅಂದ್ಕೊಂಡ್ರೆ?"

ಇಲ್ಲೇ ಚೆನ್ನೈನ ಅಣ್ಣಾ ನಗರದಲ್ಲಿ, ತಮಿಳಿನ ನಡುವೆ ಬೆಳೆದ ಈ ಹುಡುಗಿಗೆ ಚಿಕ್ಕಂದಿನಿಂದ ನಿಯಂತ್ರಕಿಯಾಗುವುದೊಂದೇ ಆಸೆ. ಮರುದಿನ ಅವಳು ಇನ್ನಷ್ಟು ಅಭ್ಯಾಸ ಕೊಡಿಯೆಂದು ತಮಗೆ ಬರೆದಳು. ತಾವು ನೋಟಿಸು ಕೊಟ್ಟಿರಿ: ಸೋಮವಾರ ಕೆಲಸಕ್ಕೆ ಕೂರಬೇಕು, ಇಲ್ಲವೇ ಅನರ್ಹಳೆಂದು ಮನೆಗೆ ಹೋಗಬೇಕು.

ಪಕ್ಕದಲ್ಲಿ ತಿದ್ದಲು ಹಿರಿಯರು ಇರುತ್ತಾರಲ್ಲ ಎನ್ನುತ್ತೀರಿ. ಇರುತ್ತಾರೆ, ಇರಲಿ. ಆದರೆ ಇದೇ ಬಾಯಿಪಾಠದವರು ನಾಳೆ ಹಿರಿಯರಾದಾಗ ತಿದ್ದುವವರು ಯಾರು? ನನಗೆ ನಿದ್ದೆ ಸರಿಯಿಲ್ಲ ಸ್ವಾಮಿ. ಹೋಟೆಲಿನ ಮೇಲೆ ವಿಮಾನದ ಸದ್ದು ಕೇಳಿದರೆ ಕೂಗುತ್ತಿದ್ದ ಆರ್ಡರ್ ಮರೆತುಹೋಗುತ್ತದೆ, ಗಿರಾಕಿಗಳು ನಗುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ.

ಆದ್ದರಿಂದ ನೋಟಿಸು ವಾಪಸಾಗಲಿ, ಬಿರುಗಾಳಿ ವಾಪಸು ಬರಲಿ, ಬೃಂದಾ ತಪ್ಪು ಮಾಡುವಷ್ಟು ತಪ್ಪು ಮಾಡಿ ಕಲಿಯಲಿ. ಇದು ಅತಿಯಾಯಿತು ಅನ್ನಿಸಿದರೆ, ತಾವೇ ಒಂದು ಗಂಟೆ ಅವಳ ಕುರ್ಚಿಯಲ್ಲಿ ಕೂತು ನೋಡಿ. ವಿಮಾನಗಳನ್ನು ನಾನು ತರುತ್ತೇನೆ. ಯಾವುದು ಯಾವಾಗ ಬರುತ್ತದೆಂದು ಮಾತ್ರ ಹೇಳುವುದಿಲ್ಲ.

ನಾನು ಇಂದಿನವರೆಗೆ ವಿಮಾನ ಹತ್ತಿದವಳಲ್ಲ. ನನಗೆ ಈ ಕೆಲಸ ಬರುತ್ತದೆ ಎಂದವರನ್ನೆಲ್ಲ ತಾವು ಸೋಮವಾರ ಕೂರಿಸಿ. ನನಗಿನ್ನೂ ಬರುವುದಿಲ್ಲ ಎಂದವಳು ಈಗ ಬರುತ್ತದೆ ಎಂದ ದಿನ ನಾನು ವಿಮಾನದ ಟಿಕೆಟ್ ತೆಗೆಸುತ್ತೇನೆ.

ಇಂತಿ,
ದಿನವಿಡೀ ವಿಮಾನ ಇಳಿಸಿ, ಊರಿಗೆ ರೈಲಿನಲ್ಲೇ ಹೋಗುವ
ಸರಸ
ವೇಲಚೇರಿ, ಚೆನ್ನೈ