ಅಮ್ಮನ ಕೋಣೆಗೆ ಬಂದ ಕ್ಯಾಮೆರಾ

ಜೂನ್ 3, ಸೋಮವಾರ
ಅಂಗಡಿ ತೆರೆದ ಕೂಡಲೇ ಹ್ಯಾಂಗರ್ ಡಬ್ಬಕ್ಕೆ ಮೊಬೈಲ್ ಒರಗಿಸಿದೆ. ಪರದೆಯಲ್ಲಿ ಅಮ್ಮ ಕಾಣಿಸಿದಳು. ತಲೆ ಬಾಚಿ, ಒಳ್ಳೆಯ ಶಾಲು ಹೊದ್ದು, ಕುರ್ಚಿಯಲ್ಲಿ ನೆಟ್ಟಗೆ. ಇಸ್ತ್ರಿ ಶುರು ಮಾಡಿದೆ.

ಹೋದ ತಿಂಗಳು ವೃದ್ಧಾಶ್ರಮದ ಬಚ್ಚಲಲ್ಲಿ ಬಿದ್ದು, ಎಷ್ಟೋ ಹೊತ್ತು ಯಾರಿಗೂ ಗೊತ್ತಾಗದೆ ಅಲ್ಲೇ ಇದ್ದಳಲ್ಲ — ಆವತ್ತಿನಿಂದ ಅಣ್ಣನದು ಒಂದೇ ಹಟ, ಕ್ಯಾಮೆರಾ. ಮ್ಯಾನೇಜರ್ ಗೊಣಗಿದರು. ಕೊನೆಗೆ ಬಾಗಿಲಿಗೆ ‘ಇಲ್ಲಿ ಕ್ಯಾಮೆರಾ ಇದೆ’ ಎಂದು ಚೀಟಿ ಅಂಟಿಸಿ ಒಪ್ಪಿದರು. ಅಮ್ಮನನ್ನೂ ಕೇಳಿದೆವು. ದಿನಾ ನಿನ್ನ ಜೊತೆಗೇ ಇದ್ದ ಹಾಗೆ ಅಂದೆ. ಮುಖ ಅರಳಿತು. ಹಾಗಾದ್ರೆ ಹಾಕಿಸಿ ಅಂದಳು.

ಜೂನ್ 5
ಅವಳನ್ನೇ ನೋಡುತ್ತಾ ಒಂದು ಕೋಟಿನ ಕಾಲರ್ ಸುಟ್ಟೆ. ಮಾಲೀಕರು ಚೆನ್ನಾಗಿ ಮಂಗಳಾರತಿ ಮಾಡಿದರು. ಮಾಡಲಿ. ಅಮ್ಮ ಎಷ್ಟು ಚುರುಕಾಗಿದ್ದಾಳೆ! ಮಧ್ಯಾಹ್ನ ಕೂಡ ಮಲಗುವುದಿಲ್ಲ. ಚಹಾ ಬಂದಾಗ ಒಂದು ಬಿಸ್ಕತ್ತು ಕ್ಯಾಮೆರಾ ಕಡೆ ಸರಿಸಿಡುತ್ತಾಳೆ. ಏನು ಆಟವೋ.

ಜೂನ್ 14
ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ. ಅಮ್ಮ ಮಂಕಾಗುತ್ತಾ ಬಂದಿದ್ದಳು. ಇವತ್ತು ಕುರ್ಚಿಯಿಂದ ಏಳಲು ಹೋಗಿ ವಾಲಿದಳು. ಕಣ್ಣಾರೆ ನೋಡಿದೆ. ಯಾರದೋ ಪ್ಯಾಂಟು ಹಿಡಿದುಕೊಂಡು ಅಂಗಡಿಯಲ್ಲಿ ಕಿರುಚಿದೆ... ಅಲ್ಲಿ ಆಯಾ ಓಡಿಬಂದು ಹಿಡಿದುಕೊಂಡರು. ಸದ್ಯ ಬದುಕಿದೆ.

ಡಾಕ್ಟರ್ ಹೇಳಿದ್ದು: ಸುಸ್ತು. ಸರಿಯಾಗಿ ನಿದ್ದೆಯೇ ಇಲ್ಲ.

ಜೂನ್ 16, ಭಾನುವಾರ
ಅಮ್ಮನನ್ನು ನೋಡಲು ಹೋಗಿದ್ದೆ. ಆ ಆಯಾಗೆ ಅಲ್ಲಿ ಎಲ್ಲರೂ ಬಿರುಗಾಳಿ ಅನ್ನುತ್ತಾರೆ, ಅಂಥ ನಡಿಗೆ. ಇವತ್ತು ಮಾತ್ರ ನಿಧಾನವಾಗಿ ಪಕ್ಕಕ್ಕೆ ಕರೆದರು.

‘ಬೇಜಾರು ಮಾಡ್ಕೋಬೇಡಿ ಅಕ್ಕ. ಮಲಗಿ ಅಂದ್ರೆ, ಕ್ಯಾಮೆರಾ ತೋರಿಸಿ, ಮಗಳು ಬಂದು ಕೂತಿರುವಾಗ ನಾನು ಹೇಗಮ್ಮ ಮಲಗಲಿ ಅಂತಾರೆ.’

ಶಾಲು, ಬಾಚಿದ ತಲೆ, ಬಿಸ್ಕತ್ತು — ಎಲ್ಲಾ ನನಗೆ! ಯಾರು ಅವಳಿಗೆ ತೊಂದರೆ ಕೊಡುತ್ತಾರೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ತೊಂದರೆ ನಾನೇ.

ಒಳಗೆ ಹೋಗಿ ಅಮ್ಮನಿಗೆ, ನನಗೂ ನಿದ್ದೆ ಬರ್ತಿದೆ, ಇಬ್ಬರೂ ಮಲಗೋಣ ಅಂದೆ. ‘ನೀನು ಮಲಗು ಮಗಾ, ನಾನಿದ್ದೀನಲ್ಲ,’ ಎಂದು ಹಾಸಿಗೆ ಬಿಟ್ಟುಕೊಟ್ಟಳು. ನಾನೊಬ್ಬಳು ಪೆದ್ದಿ, ನಿಜವಾಗಿಯೂ ನಿದ್ದೆ ಹೋದೆ. ಎದ್ದಾಗ ಅಮ್ಮ ಪಕ್ಕದಲ್ಲೇ ಕೂತು ಪೇಪರ್ ಮಡಚಿ ಗಾಳಿ ಬೀಸುತ್ತಿದ್ದಳು. ಕಣ್ಣು ಕೆಂಪಗೆ.

ಅತ್ತುಬಿಟ್ಟೆ. ಏನೋ ಕೆಟ್ಟ ಕನಸು ಕಂಡಿರಬೇಕು ಅಂತ ಬೆನ್ನು ಸವರಿದಳು.

ಜೂನ್ 17
ಅಣ್ಣನ ಜೊತೆ ಫೋನಿನಲ್ಲಿ ಜಟಾಪಟಿ. ಕ್ಯಾಮೆರಾ ತೆಗೆಸೋಣ ಅಂದೆ. ತೆಗೆಸಿದ ಮೇಲೆ ಮತ್ತೆ ಬಿದ್ದರೆ ಅಂದ. ಭಯ ನನಗೂ ಇದೆ. ಆದರೆ ನಮ್ಮ ಭಯ ಹೋಗಲಿ ಎಂದು ಅವಳನ್ನು ಕೂರಿಸಿಯೇ ಇಡುವುದೇ?

ಕೊನೆಗೆ ಹೀಗೆ ಮಾಡಿದೆವು: ಕ್ಯಾಮೆರಾ ಇರಲಿ. ಮಧ್ಯಾಹ್ನ ಊಟವಾದ ಮೇಲೆ ನಾನು ಅದರ ಸ್ಪೀಕರಿನಲ್ಲಿ ಹೊರಡುತ್ತೇನೆ ಅಂತ ಹೇಳುವುದು. ಆಯಾ ಸ್ವಿಚ್ ಆಫ್ ಮಾಡುವುದು, ಆಗಾಗ ಇಣುಕಿ ನೋಡುವುದು. ಚಹಾ ಹೊತ್ತಿಗೆ ಮತ್ತೆ ಹಾಜರ್. ರಾತ್ರಿ ಮಲಗುವ ಹೊತ್ತಿಗೂ ಹೀಗೇ. ಅಣ್ಣ ಹೂಂ ಅಂದ, ಅರೆಮನಸ್ಸಿನಿಂದ.

ಜೂನ್ 18, ಮಧ್ಯಾಹ್ನ
ಈಗಷ್ಟೇ ಹೇಳಿದೆ. ‘ಅಮ್ಮ, ಹೋಗಿ ಬರ್ತೀನಿ.’

ಎದ್ದು ಹತ್ತಿರ ಬಂದಳು. ಪರದೆ ತುಂಬಾ ಅವಳ ಮುಖ.

‘ಒಂದು ಬಿಸ್ಕತ್ತೂ ಮುಟ್ಟಲಿಲ್ಲ ನೀನು. ಹುಷಾರಾಗಿ ಹೋಗು. ಮನೆ ಸೇರಿದ ತಕ್ಷಣ ಫೋನ್ ಮಾಡು.’

ಪರದೆ ಕಪ್ಪಾಯಿತು. ಕೌಂಟರಿನಲ್ಲಿ ಗಿರಾಕಿ ಕಾಯುತ್ತಿದ್ದರು, ಅವರ ಅಂಗಿ ಕೊಟ್ಟು ಕಳಿಸಿದೆ. ಬಂದು ಬರೆಯುತ್ತಿದ್ದೇನೆ. ಇಷ್ಟು ಹೊತ್ತಿಗೆ ಮಲಗಿರುತ್ತಾಳೆ. ಶಾಲು ತೆಗೆದಿಟ್ಟು, ಎಡಮಗ್ಗುಲಿಗೆ, ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು... ಈಗ ಫೋನ್ ಮಾಡಿದರೆ ಎದ್ದುಬಿಡುತ್ತಾಳೆ. ಮಾಡದಿದ್ದರೆ, ಮಗಳು ಮನೆ ಸೇರಿದಳೋ ಇಲ್ಲವೋ ಅಂತ ಕೂತೇ—