ನೀಲಿ ಕಲೆಯ ಬಟ್ಟಲು

ತಿರುಪ್ಪೂರು, ದೊಡ್ಡಾಸ್ಪತ್ರೆಯ ವರಾಂಡ
೧೪-೮-೨೦೨೪, ಬುಧವಾರ

ನನ್ನ ಕುಪ್ಪಕ್ಕನಿಗೆ,

ತಂಗಿ ತಂಗಮಣಿಯ ನಮಸ್ಕಾರ. ನಾವು ಚೆನ್ನಾಗಿದ್ದೇವೆ ಅಂತ ಮೊದಲು ಬರೆಯಬೇಕು, ಅದಕ್ಕೆ ಕೈ ಏಳುತ್ತಿಲ್ಲ. ಮೇಲೆ ಆಸ್ಪತ್ರೆ ಅಂತ ಇರುವುದು ನೋಡಿ ಎದೆ ಒಡೆದುಕೊಳ್ಳಬೇಡ. ನನಗಾಗಲಿ ನಮ್ಮ ಮನೆಯವರಿಗಾಗಲಿ ಏನೂ ಆಗಿಲ್ಲ. ಒಳಗೆ ಮಲಗಿರುವುದು ಪಕ್ಕದ ಮನೆ ಸೆಲ್ಲಮ್ಮನ ಮಗಳು ತಮಿಳ್‌ಸೆಲ್ವಿ. ನಿನ್ನೆ ಬೆಳಿಗ್ಗೆಯಿಂದ ಕಣ್ಣು ಬಿಟ್ಟಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಇಲ್ಲಿ ಬೆಂಚಿನ ತುಂಬ ಜನ, ಮನೆಗೆ ಹೋದರೆ ಇವರ ಕಿವಿ. ಕನ್ನಡ ಅಕ್ಷರ ಇಲ್ಲಿ ಯಾರಿಗೂ ಬಾರದು, ಇವರಿಗೂ ಬಾರದು. ಅಜ್ಜಿ ನಮ್ಮಿಬ್ಬರನ್ನು ಮಗ್ಗದ ಪಕ್ಕ ಕೂರಿಸಿ ತಿದ್ದಿಸಿದ್ದು ಇವತ್ತು ಕೈಹಿಡಿಯಿತು. ತಪ್ಪಿದ್ದ ಕಡೆ ಸರಿಮಾಡಿಕೊಂಡು ಓದು. ನಾನು ಏಳನೇ ಕ್ಲಾಸಿಗೇ ಬಿಟ್ಟವಳು, ಅದೂ ತಮಿಳು ಸ್ಕೂಲು.

ಇವರು ಸಿಂಗಾನಲ್ಲೂರಿನ ಮಿಲ್ಲಿಗೆ ನೂಲು ಸುತ್ತುವ ಮರದ ಬಾಬಿನ್ ಕಡೆದುಕೊಡುತ್ತಿದ್ದದ್ದು ನಿನಗೆ ಗೊತ್ತು. ಪ್ಲಾಸ್ಟಿಕ್ ಬಂದ ಮೇಲೆ ಆ ಮರ ಕಡೆಯುವ ಲೇತನ್ನು ನಮ್ಮ ಕುನ್ನತ್ತೂರಿಗೆ ಹೊತ್ತುಕೊಂಡು ಬಂದು ಹಿತ್ತಿಲಲ್ಲಿ ಹಾಕಿದರು. ಈಗ ಅದರಲ್ಲಿ ಬಟ್ಟಲು, ಹೂದಾನಿ ಕಡೆಯುತ್ತಾರೆ. ಮರಕ್ಕೆ ಅಂಗಡಿಗೆ ಹೋಗುವುದಿಲ್ಲ. ಗಾಳಿಗೆ ಬಿದ್ದ ಬೇವು, ಯಾರೋ ಬೇಲಿಗೆ ಎಸೆದ ಬುಡ, ಹಳ್ಳದಲ್ಲಿ ಕೊಚ್ಚಿಬಂದ ಕೊಂಬೆ, ಹೀಗೆ ಸಿಕ್ಕಿದ್ದೇ ಮರ. ಅಂಚಿಗೆ ತೊಗಟೆಯನ್ನು ಹಾಗೇ ಬಿಡುತ್ತಾರೆ, ಬಿರುಕನ್ನೂ ಮುಚ್ಚುವುದಿಲ್ಲ. ಅದೇ ಚೆಂದವಂತೆ. ತಮಿಳ್‌ಸೆಲ್ವಿ ಸಂಜೆ ಬಂದು ನನ್ನ ಜೊತೆ ಕೂತು ಬಟ್ಟಲಿಗೆ ಎಣ್ಣೆ ಉಜ್ಜುತ್ತಿದ್ದಳು. ಉಜ್ಜುತ್ತಾ ಗೇಲಿ ಮಾಡುವಳು: "ಅತ್ತೆ, ಇದರಲ್ಲಿ ರಸ ಹುಯ್ದರೆ ರಸ ಮಾಮನ ಮಡಿಲಿಗೇ ಬರುತ್ತೆ. ಇದನ್ನ ಮನೆಗೆ ತಗೊಂಡು ಹೋಗೋರು ಯಾರು ಸಾಮಿ?" ಇವರೂ ನಗುತ್ತಿದ್ದರು.

ತಗೊಂಡು ಹೋಗುವವಳು ಒಬ್ಬಳಿದ್ದಾಳೆ. ಸುಪ್ರೀತಾ ಅಂತ, ಮೈಸೂರು ಕಡೆಯ ಹುಡುಗಿ, ಕೊಯಮತ್ತೂರಿನಲ್ಲಿ ಆಫೀಸು ಕೆಲಸ. ಫೋಟೊ ಹಾಕಿ ದೂರದೂರಿಗೆಲ್ಲ ಕಳಿಸುತ್ತಾಳೆ. ಒಂದು ಸಲ ಹುಣಸೆಮರದ ಬಟ್ಟಲಿನ ಒಳಗೆ ಶಾಯಿ ಚೆಲ್ಲಿದ ಹಾಗೆ ನೀಲಿ ಕಲೆ ಇತ್ತು. ಮರದೊಳಗೆ ಹಳೇ ಮೊಳೆ ತುಕ್ಕು ಹಿಡಿದರೆ ಸುತ್ತಲೂ ಹಾಗೆ ಕಪ್ಪುನೀಲಿ ಹರಡುತ್ತದೆ. ಇವರು ಅದನ್ನು ಕೆಟ್ಟುಹೋದ ಮಾಲು ಅಂತ ಎತ್ತಿಟ್ಟಿದ್ದರು. ಆ ಹುಡುಗಿ ಅದನ್ನೇ ಎತ್ತಿಕೊಂಡು, ಇಂಥದ್ದು ಇನ್ನೂ ಬೇಕು ಅಂದಳು. ಅಂದಿನಿಂದ ಇವರಿಗೆ ಮೊಳೆ ಇರುವ ಮರದ ಹುಚ್ಚು ಹಿಡಿಯಿತು.

ಮೊಳೆ ಇರುವ ಹುಣಸೆ ಯಾವುದು ಅಂತ ನಿನಗೆ ನಾನು ಹೇಳಬೇಕಾ ಅಕ್ಕ. ಗಾಳಿ ಸೋಕಿದವರನ್ನು ಕರೆದುಕೊಂಡು ಹೋಗಿ, ನೆತ್ತಿಯ ಕೂದಲನ್ನು ಮೊಳೆಗೆ ಸುತ್ತಿ, ಮರಕ್ಕೆ ಹೊಡೆದು, ಆ ಕೂದಲು ಕತ್ತರಿಸಿ ಬರುತ್ತಾರಲ್ಲ, ಆ ಮರ. ಹಿಡಿದದ್ದು ಮರದಲ್ಲೇ ನಿಲ್ಲಬೇಕು ಅಂತ. ನಮ್ಮೂರ ರಸ್ತೆ ಅಗಲ ಮಾಡುವಾಗ, ಪೊಂಗಲ್ ಕಳೆದ ಮೇಲೆ, ಆ ಮರ ಕಡಿದರು. ಬೇರೆ ಯಾರೂ ಅದರ ತುಂಡು ಮುಟ್ಟಲಿಲ್ಲ. ಇವರು ಗಾಡಿ ತುಂಬಾ ತಂದರು. ನಾನು ಬೇಡ ಅಂದೆ, ಕಣ್ಣೀರಿಟ್ಟೆ. ನಿನಗೆ ಎಲ್ಲದಕ್ಕೂ ಭಯ ಅಂತ ಬೈದರು. ಉಳಿಗೆ ತಗಲದಿರಲಿ ಅಂತ ಇಕ್ಕಳದಲ್ಲಿ ಮೊಳೆ ಕಿತ್ತು ಕಿತ್ತು ಡಬ್ಬಕ್ಕೆ ಹಾಕಿದರು, ಡಬ್ಬ ಗುಜರಿಯವನ ಗಾಡಿಗೆ ಹೋಯಿತು.

ಆಮೇಲೆ ಸೆಲ್ಲಮ್ಮ ಬಂದಳು. ಆ ಮೊಳೆಗಳಲ್ಲಿ ಒಂದು ತಮಿಳ್‌ಸೆಲ್ವಿಯದು. ಹುಡುಗಿಗೆ ಸಣ್ಣವಳಿದ್ದಾಗ ಫಿಟ್ಸ್ ಬರುತ್ತಿತ್ತು. ಸೆಲ್ಲಮ್ಮ ಆಸ್ಪತ್ರೆ ಮಾತ್ರೆಯನ್ನೂ ಕೊಟ್ಟಳು, ಮರಕ್ಕೂ ಕರೆದುಕೊಂಡು ಹೋದಳು. ನಿಂತುಹೋಯಿತು. ಯಾವುದರಿಂದ ನಿಂತಿತು ಅಂತ ಕೇಳುವ ಅಗತ್ಯ ಯಾರಿಗೂ ಬಂದಿರಲಿಲ್ಲ. ಮರ ಬಿದ್ದ ದಿನದಿಂದ ಹುಡುಗಿ ಬನಿಯನ್ ಕಂಪನಿಗೆ ಹೋಗುವುದು ಬಿಟ್ಟಳು, ಊಟ ಬಿಟ್ಟಳು, ಗೋಡೆ ಕಡೆ ತಿರುಗಿ ಮಲಗಿದಳು. ನಮ್ಮ ಹಿತ್ತಿಲಿನಲ್ಲಿ ಲೇತ್ ತಿರುಗುವ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳಂತೆ. ಸೆಲ್ಲಮ್ಮ ನನ್ನ ಕೈ ಹಿಡಿದು, "ಮೊಳೆ ಕೊಡು ಅಕ್ಕಾ, ಬೇರೆ ಮರಕ್ಕೆ ಹೊಡೀತೀನಿ. ಇಲ್ಲಾಂದ್ರೆ ನನ್ನ ಮಗಳು ಉಳಿಯಲ್ಲ" ಅಂದಳು.

ಮೊಳೆ ಎಲ್ಲಿದೆ ಕೊಡಲು? ಹುಡುಕಿ ನೋಡುತ್ತೇನೆ, ಬೆಳಿಗ್ಗೆ ಬಾ ಅಂದೆ. ನಮ್ಮ ಕೊಟ್ಟಿಗೆಯ ತೊಲೆಯಿಂದ ಹಳೇ ಮೊಳೆಯೊಂದನ್ನು ಎಳೆದೆ. ನನ್ನ ಬಾಚಣಿಗೆಯಲ್ಲಿದ್ದ ಕೂದಲನ್ನು ಅದಕ್ಕೆ ಸುತ್ತಿ, ಎಣ್ಣೆ ಮಸಿ ಹಚ್ಚಿ, ಇದೇ ಇರಬೇಕು ಅಂತ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ತೈ ತಿಂಗಳ ಅಮಾವಾಸ್ಯೆಯ ದಿನ ಕೆರೆ ದಾರಿಯ ಹುಣಸೆಗೆ ಹೊಡೆದು ಬಂದರು.

ಹುಡುಗಿ ಎದ್ದಳು ಅಕ್ಕ. ಎದ್ದಳು, ಉಂಡಳು, ಕೆಲಸಕ್ಕೆ ಹೋದಳು, ಮತ್ತೆ ನನ್ನ ಪಕ್ಕ ಕೂತು ಎಣ್ಣೆ ಉಜ್ಜಿದಳು. ನಾನು ನಮ್ಮ ಚೌಡಮ್ಮನಿಗೆ ದೀಪ ಹಚ್ಚಿದೆ. ನನ್ನ ಕೂದಲು ಮರದಲ್ಲಿದೆಯಲ್ಲ, ನನಗೇನಾಗುತ್ತದೋ ಅಂತ ಮೊದಮೊದಲು ಹೆದರಿದೆ. ಕೈ ನಡುಗಿದರೆ ಅದೇ, ಹಾಲು ಒಡೆದರೆ ಅದೇ. ನನ್ನ ಹೆದರಿಕೆಯಲ್ಲೇ ನಾನು ಮುಳುಗಿದ್ದೆ. ಹೆದರಬೇಕಾದದ್ದಕ್ಕೆ ಹೆದರಲಿಲ್ಲ.

ಒಂದು ಸಂಜೆ ಅವಳು ಎಣ್ಣೆ ಬಟ್ಟೆ ಹಿಂಡುತ್ತಾ, ಮಾತ್ರೆ ಬಿಟ್ಟುಬಿಟ್ಟೆ ಅತ್ತೆ ಅಂದಳು. ಮೊಳೆ ಹೊಸ ಮರದಲ್ಲಿ ಗಟ್ಟಿಯಾಗಿ ಕೂತಿದೆ, ಇನ್ನು ಅದು ಯಾಕೆ, ಅದು ತಗೊಂಡರೆ ನಿದ್ದೆ ನಿದ್ದೆ ಬಂದು ಮಿಷಿನಿನಲ್ಲಿ ಹೊಲಿಗೆ ತಪ್ಪುತ್ತದೆ ಅಂದಳು. ಅಮ್ಮನೂ ಸರಿ ಅಂದಳಂತೆ. ಅವಿನಾಶಿ ಕಡೆಯ ಸಂಬಂಧವೊಂದು ಬರುತ್ತಿತ್ತು, ಮನೆಯಲ್ಲಿ ಮಾತ್ರೆ ಕಾಣಿಸುವುದು ಬೇಡ ಅಂತ. ನಾನು ಬಿಡಬೇಡ ಕಣ್ಣು, ತಗೋ ಅಂದೆ. ಯಾಕೆ ಅಂತ ಕೇಳಿದಳು. ಯಾಕೆ ಅಂತ ಹೇಳಬೇಕಾದರೆ ಮೊಳೆಯ ಕಥೆ ಹೇಳಬೇಕಲ್ಲ. ಸುಮ್ಮನೆ ಹೇಳಿದೆ ಅಂದೆ.

ನಿನ್ನೆ ಬಟ್ಟೆ ಒಗೆಯುವಾಗ ಫಿಟ್ಸ್ ಬಂದು ನೀರಿನ ತೊಟ್ಟಿಗೆ ತಲೆಕೆಳಗಾಗಿ ಬಿದ್ದಳು. ಎಷ್ಟು ಹೊತ್ತು ಹಾಗಿದ್ದಳೋ. ಎತ್ತಿದವರು ಇವರೇ. ಮರದ ಹೊಟ್ಟು ಮೆತ್ತಿದ ಕೈಯಲ್ಲೇ ಎತ್ತಿ ಆಟೋದಲ್ಲಿ ಮಲಗಿಸಿದರು.

ಈಗ ಡಾಕ್ಟರಮ್ಮ ಬಂದು ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದಳಾ ಅಂತ ಕೇಳಿದರು. ಸೆಲ್ಲಮ್ಮ ನೆಲ ನೋಡುತ್ತಾ, ಒಂದು ದಿನವೂ ತಪ್ಪಿಸಿಲ್ಲ ಅಂದಳು. ಹಾಗಾದರೆ ಮಾತ್ರೆ ಕೆಲಸ ಮಾಡಿಲ್ಲ, ತಲೆಯಲ್ಲಿ ಬೇರೆ ಏನೋ ಇರಬೇಕು, ಬೇರೆ ಔಷಧಿಗೆ ಹೋಗಬೇಕು ಅಂತ ಅವರು ನರ್ಸಿಗೆ ಹೇಳುವುದು ನನಗೆ ಕೇಳಿಸಿತು. ಸೆಲ್ಲಮ್ಮ ನನ್ನ ಕಡೆ ನೋಡಿದಳು. ಬೇಡ ಅನ್ನುವ ನೋಟ. ನಾನು ಹೊರಗೆ ಬಂದು ಈ ಕಾಗದ ಹಿಡಿದೆ.

ಹೇಳಿದರೆ ಸಂಬಂಧ ಮುರಿಯುತ್ತದೆ. ಊರಿನವರು ನಮ್ಮ ಲೇತಿಗೆ ಬೆಂಕಿ ಇಟ್ಟರೂ ಇಟ್ಟಾರು. ಹೇಳದಿದ್ದರೆ ಇಲ್ಲದ ಕಾಯಿಲೆಗೆ ಔಷಧಿ ಕೊಡುತ್ತಾರೆ, ಇರುವ ಕಾಯಿಲೆ ಹಾಗೇ ಇರುತ್ತದೆ. ನೀನಾಗಿದ್ದರೆ ಇಷ್ಟು ಬರೆಯುವ ಹೊತ್ತಿಗೆ ಹೋಗಿ ಹೇಳಿ ಬರುತ್ತಿದ್ದೆ. ಎದ್ದೆ ಅಕ್ಕ. ಡಾಕ್ಟರಮ್ಮ ಬಾಗಿಲ ಹತ್ತಿರ ಇದ್ದಾರೆ.

ನಿನ್ನ ಪುಕ್ಕಲು ತಂಗಿ,
ತಂಗಮಣಿ

ಉಳಿದ ಮಾತು: ಮರುದಿನ ಬರೆಯುತ್ತಿದ್ದೇನೆ. ಹೇಳಿದೆ. ಮಾತ್ರೆ ಬಿಟ್ಟದ್ದು, ಯಾಕೆ ಬಿಟ್ಟಳು ಅನ್ನುವುದು, ಮೊಳೆ, ಕೂದಲು, ಎಲ್ಲಾ. ಡಾಕ್ಟರಮ್ಮ ಬೈಯಲಿಲ್ಲ, ಹಳೇ ಮಾತ್ರೆಯ ಹೆಸರು ಕೇಳಿ ಬರೆದುಕೊಂಡರು. ಸೆಲ್ಲಮ್ಮ ಕಂಬಕ್ಕೆ ಒರಗಿ ಕೇಳಿಸಿಕೊಂಡಳು. "ಕೂದಲು ಯಾರದಾದರೇನು ಅಕ್ಕಾ, ಇಷ್ಟು ದಿನ ನಗ್ತಾ ಇದ್ದಳಲ್ಲ" ಅಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಇವತ್ತು ಬೆಳಿಗ್ಗೆ ಹುಡುಗಿ ಕಣ್ಣು ಬಿಟ್ಟಳು. ಬಲಗೈ ಇನ್ನೂ ಎತ್ತಲಾರಳು. ಮೊದಲು ಕೇಳಿದ್ದು ನನ್ನನ್ನೇ: "ಅತ್ತೆ, ಆ ಮರಾನೂ ಕಡಿದ್ರಾ?" ಇಲ್ಲ ಕಣ್ಣು, ನಿಂತಿದೆ ಅಂದೆ. ಸುಳ್ಳಲ್ಲ, ಇವತ್ತಿಗೆ ನಿಂತಿದೆ. ಆದರೆ ಹೋದ ವಾರವೇ ರಸ್ತೆಯವರು ಅದರ ಬುಡಕ್ಕೂ ಸುಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಮೊಳೆ ಇರುವ ತುಂಡು ತಮಗೇ ಬೇಕು ಅಂತ ಇವರು ಆಗಲೇ ಹೇಳಿಟ್ಟು ಬಂದಿದ್ದಾರೆ.